ಗುಜರಿ ಕಾರಿನ ಗಾಳಿ, ಅಕ್ಕನ ಬೊಂಬೆಗಳು

ನಮ್ಮ ಅಕ್ಕ ಬಟ್ಟೆ ಅಂಗಡಿಯ ಬೊಂಬೆಗಳಿಗೆ ಮುಖ ಬರೆಯುತ್ತಾಳೆ. ಹೀಗಂದರೆ ಹತ್ತರಲ್ಲಿ ಒಂಬತ್ತು ಜನ, 'ಅದನ್ನೂ ಯಾರಾದರೂ ಬರೀತಾರಾ?' ಅಂತ ಕೇಳುತ್ತಾರೆ. ಬರೆಯದೆ ತಾನಾಗಿ ಮೊಳೆಯುತ್ತದಾ ಮತ್ತೆ? ಗಾಜಿನ ಹಿಂದೆ ಹೊಸ ಬಟ್ಟೆ ತೊಟ್ಟು ನಿಂತಿರುತ್ತದಲ್ಲ, ಅದರ ಹುಬ್ಬು, ಕಣ್ಣು, ತುಟಿ, ಕೆನ್ನೆಯ ಮೇಲಿನ ಕೆಂಪು, ಎಲ್ಲ ಯಾರೋ ಒಬ್ಬರ ಕೈಯಿಂದಲೇ ಬಂದದ್ದು. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಹಾಗಾಗಿ ಈ ಪ್ರಶ್ನೆಗೆ ಉತ್ತರ ಕೊಡುವುದನ್ನು ಅಕ್ಕನಿಗೇ ಬಿಟ್ಟಿದ್ದೇನೆ. ಅವಳು ಸುಮ್ಮನೆ ನಗುತ್ತಾಳೆ.

ಅವಳು ಬೊಂಬೆ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ್ದು ಬೆರಳು ಕೂಡಿಸುವವಳಾಗಿ. ಬೊಂಬೆಗಳಲ್ಲಿ ಮೊದಲು ಮುರಿಯುವುದೇ ಬೆರಳು. ತೋಳು ಹಾಕುವಾಗ, ಬಟ್ಟೆ ಬದಲಿಸುವಾಗ, ಗಾಡಿಯಿಂದ ಇಳಿಸುವಾಗ ಪಟಕ್ಕನೆ ಹೋಗುತ್ತದೆ. ವರ್ಷಗಟ್ಟಲೆ ಅಕ್ಕನ ಮೇಜಿನ ಮೇಲೆ ಬರೀ ಕೈಗಳು. ಊಟದ ಡಬ್ಬಿ ಕೊಡಲು ಹೋದಾಗಲೆಲ್ಲ ಆ ಕೈಗಳು ನನ್ನ ಕಡೆ ಚಾಚಿಕೊಂಡಿರುವುದನ್ನು ನೋಡಿ ನನಗೆ ಒಂಥರಾ ಆಗುತ್ತಿತ್ತು. ಆಮೇಲೆ ಅವಳು ಮುಖಕ್ಕೆ ಬಂದಳು. ಪೆನ್ನಿನಷ್ಟೇ ಇರುವ ಒಂದು ಪುಟ್ಟ ಸ್ಪ್ರೇ ಗನ್ ಇರುತ್ತದೆ. ಅದರ ತಲೆಯ ಮೇಲೆ ಬೆರಳಗಲದ ಬಟ್ಟಲು, ಬಟ್ಟಲಿಗೆ ಬಣ್ಣ, ಹಿಂದಿನಿಂದ ನಳಿಗೆಯಲ್ಲಿ ಗಾಳಿ. ಅಕ್ಕ ಮೊದಲು ತನ್ನ ಎಡ ಮಣಿಕಟ್ಟಿನ ಮೇಲೆ ಒಂದು ಸಲ ಊದಿ ನೋಡಿಕೊಳ್ಳುತ್ತಾಳೆ, ಆಮೇಲೆ ಉಸಿರು ಬಿಗಿಹಿಡಿದು ಬೊಂಬೆಯ ಕೆನ್ನೆಗೆ. ಬಣ್ಣ ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಅಂತ ಯಾರಿಗೂ ಗೊತ್ತಾಗಬಾರದು. ಸಂಜೆ ಮನೆಗೆ ಬರುವಾಗ ಅವಳ ಮಣಿಕಟ್ಟಿನ ಮೇಲೆ ಅಂದಿನ ಮುಖಗಳೆಲ್ಲ ಮಚ್ಚೆ ಮಚ್ಚೆಯಾಗಿ ಉಳಿದಿರುತ್ತಿದ್ದವು.

ಹೋದ ವರ್ಷ ಆ ಕಾರ್ಖಾನೆ ಮುಚ್ಚಿತು. ಈಗ ಮುಖವೇ ಇಲ್ಲದ ಬೊಂಬೆಗಳ ಕಾಲ. ತಲೆ ಇರುವ ಜಾಗದಲ್ಲಿ ನುಣ್ಣಗೆ ಮೊಟ್ಟೆಯಂಥದ್ದೊಂದು ಇರುತ್ತದೆ. ಮಾಲೀಕರು ಬಣ್ಣದ ಗನ್ನನ್ನು ಅಕ್ಕನ ಕೈಗಿಟ್ಟು, ದೊಡ್ಡ ಗಾಳಿಯಂತ್ರವನ್ನು ಮಾರಿ, ಬಾಗಿಲು ಎಳೆದುಕೊಂಡರು. ಅಕ್ಕನ ಅತ್ತೆಗೆ ಇದರಿಂದ ದುಃಖವೇನೂ ಆಗಲಿಲ್ಲ. ಅವರ ಅಣ್ಣನ ಮಗ ಒಂದು ಪ್ಯಾಕಿಂಗ್ ಕಂಪನಿಯಲ್ಲಿ ಮೇಲ್ವಿಚಾರಕ. ಸೊಸೆಗೆ ಅಲ್ಲಿ ಡಬ್ಬಿ ಕಟ್ಟುವ ಕೆಲಸ ಗೊತ್ತು ಮಾಡಿಯೇ ಬಿಟ್ಟರು.

"ನೆರಳಲ್ಲಿ ಕೂತು ಮಾಡೋ ಕೆಲಸ. ಬೊಂಬೆಗೆ ತುಟಿ ಬಳಿಯೋದೂ ಒಂದು ಬದುಕಾ?" ಅಂದರು ಅತ್ತೆ.

ಅಕ್ಕ ತಲೆಯಾಡಿಸಿದಳು. ನಾನಾಗಿದ್ದರೆ ಮನೆ ರಣರಂಗವಾಗುತ್ತಿತ್ತು.

ನಾನು ಒಂದು ದೊಡ್ಡ ಬಟ್ಟೆ ಅಂಗಡಿಯ ಹಿಂಬದಿ ಕೋಣೆಯಲ್ಲಿ ಗಿರಾಕಿಗಳ ಬಟ್ಟೆಯ ಉದ್ದ ಕತ್ತರಿಸುವ, ಸೊಂಟ ಬಿಗಿ ಮಾಡುವ ಕೆಲಸದವಳು. ಅಂಗಡಿಯನ್ನು ಹೊಸದಾಗಿ ಸಿಂಗರಿಸುತ್ತಿದ್ದರು. ಗೋದಾಮಿನಲ್ಲಿ ಹಳೆಯ ಬೊಂಬೆಗಳನ್ನು ಸೌದೆಯ ಹಾಗೆ ಒಟ್ಟಿದ್ದು ಕಂಡಿತು. ಮೂಗಿನ ಬಣ್ಣ ಎದ್ದಿತ್ತು, ಕಣ್ಣು ಮಾಸಿತ್ತು, ಆದರೆ ಅಚ್ಚು ಎಂಥ ಅಚ್ಚು. ಎಸೆಯುತ್ತಾರಂತೆ. ನಾನು ಟೇಪನ್ನು ಕೊರಳಿಗೆ ಹಾಕಿಕೊಂಡೇ ಮ್ಯಾನೇಜರ ಮುಂದೆ ಹೋಗಿ ನಿಂತೆ.

"ಸಾರ್, ಮುಖ ಇಲ್ಲದ ಬೊಂಬೆ ಮುಂದೆ ಯಾರಾದ್ರೂ ನಿಂತು ನೋಡ್ತಾರಾ? ನಮ್ಮಕ್ಕನ ಕೈಗೆ ಕೊಡಿ, ನಿಮ್ಮ ಹಳೇವನ್ನೇ ಹೊಸದು ಮಾಡಿ ಕೊಡ್ತಾಳೆ."

ಮ್ಯಾನೇಜರು ಹೊಗಳುವ ಜಾತಿಯಲ್ಲ, ಬೈಯುವ ಜಾತಿಯೂ ಅಲ್ಲ. ಕನ್ನಡಕ ಒರೆಸಿಕೊಂಡು ಯೋಚಿಸಿದರು. "ಒಂದು ಗಾಡಿಯಷ್ಟು ಕಳಿಸ್ತೀನಿ. ಶನಿವಾರ ನಾನೇ ಬಂದು ನೋಡ್ತೀನಿ. ಕಿಟಕೀಲಿ ನಿಲ್ಲಿಸೋ ಹಾಗಿದ್ರೆ ಎಲ್ಲಾ ಅಂಗಡಿಗಳ ಬೊಂಬೆ ಕೆಲಸವೂ ನಿಮ್ಮಕ್ಕಂದೇ. ಇಲ್ಲದಿದ್ರೆ ಅವತ್ತೇ ಹೊಸದಕ್ಕೆ ಆರ್ಡರ್ ಹಾಕ್ತೀನಿ."

ಅತ್ತೆಯ ಅಣ್ಣನ ಮಗ ಅಕ್ಕನನ್ನು ಬರಹೇಳಿದ್ದು ಆ ಶನಿವಾರದ ನಂತರದ ಸೋಮವಾರಕ್ಕೆ. ಮುಖವೋ ಡಬ್ಬಿಯೋ ಅನ್ನುವುದು ಶನಿವಾರ ಮಧ್ಯಾಹ್ನದೊಳಗೆ ತೀರ್ಮಾನವಾಗಬೇಕು. ಅಕ್ಕ ಅವತ್ತು ನನ್ನ ಎರಡೂ ಕೈ ಹಿಡಿದುಕೊಂಡಳು.

ಬೊಂಬೆ ಬಂತು, ಬಣ್ಣ ಇತ್ತು, ಗನ್ ಇತ್ತು. ಗಾಳಿ ಇರಲಿಲ್ಲ. ಪಂಕ್ಚರ್ ಅಂಗಡಿಯಿಂದ ಒಂದು ಯಂತ್ರ ಕೇಳಿ ತಂದು ಅಕ್ಕನ ಮನೆಯ ಹಿಂದಿನ ಕೋಣೆಯಲ್ಲಿಟ್ಟು ಸ್ವಿಚ್ ಒತ್ತಿದೆವು. ಪಾತ್ರೆಗಳೆಲ್ಲ ಕುಣಿದವು. ಮಹಡಿಯ ಮೇಲಿರುವ ಮನೆ ಯಜಮಾನರಿಗೆ ಮಿಕ್ಸಿಯ ಸದ್ದೇ ಆಗದು. ಊರುಗೋಲು ಹಿಡಿದು ಇಳಿದು ಬಂದವರು ಯಂತ್ರ ನಿಲ್ಲಿಸುವ ತನಕ ಬಾಗಿಲಲ್ಲೇ ನಿಂತಿದ್ದರು. "ಇನ್ನೊಂದು ಸಲ ಈ ಸದ್ದು ಕೇಳಿದ್ರೆ ಬೇರೆ ಮನೆ ನೋಡ್ಕೊಳ್ಳಿ," ಅಂದು ಹತ್ತಿ ಹೋದರು.

ಭಾವ ಬಾಗಿಲಿಗೆ ಒರಗಿಕೊಂಡು ಇದನ್ನೆಲ್ಲ ನೋಡುತ್ತಿದ್ದರು. ಭಾವನ ಕೆಲಸ ಗುಜರಿ ಅಂಗಳದಲ್ಲಿ ಹಳೆಯ ಕಾರು ಬಿಚ್ಚುವುದು. ಬಿಚ್ಚುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಕೂಡಿಸುವ ವಿಚಾರ ಬೇರೆ. ಮನೆಯ ಫ್ಯಾನು ಬಿಚ್ಚಿಟ್ಟು ಎರಡು ಬೇಸಿಗೆ ಕಳೆದಿದೆ, ಇನ್ನೂ ಮೇಲೇರಿಲ್ಲ.

"ಏ ನಾದಿನಿ, ಸದ್ದೇ ಇಲ್ಲದ ಗಾಳಿ ಬೇಕು ತಾನೆ?" ಅಂದರು. "ನಾಳೆ ನೋಡು."

ಮರುದಿನ ಚೀಲದಲ್ಲಿ ತಂದದ್ದು ತೆಂಗಿನಕಾಯಿಗಿಂತ ಸ್ವಲ್ಪ ದೊಡ್ಡದಾದ ಒಂದು ಅಲ್ಯೂಮಿನಿಯಂ ಗಂಟು. ಅಂಗಳಕ್ಕೆ ಒಂದು ಭಾರೀ ಕಾರು ಬಂದಿತ್ತಂತೆ, ಸಿರಿವಂತರದ್ದು, ಮೂತಿ ಜಜ್ಜಿಹೋಗಿತ್ತು. ಆ ಕಾರುಗಳ ಚಕ್ರದ ಮೇಲೆ ಸ್ಪ್ರಿಂಗ್ ಇರುವುದಿಲ್ಲ, ರಬ್ಬರಿನ ಗಾಳಿ ಚೀಲ ಇರುತ್ತದೆ. ಹಳ್ಳ ಬಂದರೆ ಕಾರು ತಾನೇ ಮೇಲೇಳುತ್ತದೆ, ಇಳಿಯುವವರಿಗೆ ಅನುಕೂಲವಾಗಲಿ ಅಂತ ತಾನೇ ಕೆಳಗೆ ಕೂರುತ್ತದೆ. ಆ ಚೀಲಗಳಿಗೆ ಗಾಳಿ ತುಂಬುವ ಕಂಪ್ರೆಸರ್ ಇದು. ಒಳಗೆ ಕೂತ ಸಾಹುಕಾರರ ನಿದ್ದೆ ಕೆಡಬಾರದಲ್ಲ, ಅದಕ್ಕೇ ರಬ್ಬರಿನ ಕಾಲುಗಳ ಮೇಲೆ ಮೆತ್ತಗೆ ಕೂರಿಸಿರುತ್ತಾರೆ.

ಆ ಸಂಜೆ ಅಕ್ಕನ ಮನೆಯಲ್ಲಿ ನಡೆದದ್ದನ್ನು ನೆನೆಸಿಕೊಂಡರೆ ಈಗಲೂ ಮೈ ಜುಮ್ಮೆನ್ನುತ್ತದೆ. ಗುಜರಿಯಿಂದ ಒಂದು ಕಾರಿನ ಬ್ಯಾಟರಿ ಬಂತು, ಅದನ್ನು ತುಂಬಲು ಚಾರ್ಜರ್ ಬಂತು. ಲಾರಿಯ ಬ್ರೇಕಿಗೆ ಗಾಳಿ ಕೂಡಿಡುವ ಒಂದು ಗಟ್ಟಿ ಸಿಲಿಂಡರ್ ಬಂತು. ಕಂಪ್ರೆಸರ್ ಸ್ವಲ್ಪ ಓಡಿದರೆ ಕಾದುಹೋಗುತ್ತದೆ, ಆಮೇಲೆ ಅದಕ್ಕೆ ವಿಶ್ರಾಂತಿ ಬೇಕು. ಸಿಲಿಂಡರ್ ತುಂಬಿಕೊಂಡರೆ ಸಾಕು, ಅಕ್ಕನ ಗನ್ನಿಗೆ ಬೇಕಾಗುವ ಗಾಳಿ ಎಷ್ಟು, ಗುಬ್ಬಿಯ ಉಸಿರಿನಷ್ಟು. ಭಾವ ನೆಲದ ಮೇಲೆ ಮಲಗಿ ಪೈಪು ಸೇರಿಸಿದರು, ಹಿಂದಕ್ಕೆ ಗಾಳಿ ಹೋಗದಂತೆ ಒಂದು ವಾಲ್ವ್ ಕೂರಿಸಿದರು. ಕಂಪ್ರೆಸರಿನ ಪಕ್ಕದಲ್ಲಿ ಇನ್ನೊಂದು ಬಾಯಿ ಇತ್ತು.

"ಇದೇನಿದು?" ಅಂದೆ.

"ಗಾಳಿ ಹೊರಗೆ ಬಿಡೋ ಬಾಯಿ. ಕಾರಿಗೆ ಬೇಕು, ನಮಗ್ಯಾಕೆ? ನಾವು ಗಾಳಿ ಕೂಡಿಡೋರು, ಬಿಡೋರಲ್ಲ." ಅಲ್ಲಿದ್ದ ಕಾರಿನ ವಾಲ್ವನ್ನು ಕಳಚಿಟ್ಟು, ಆ ಬಾಯಿಗೆ ಬಿರಡೆ ಜಡಿದು ಎದ್ದರು.

ಸ್ವಿಚ್ ಒತ್ತಿದರು. ನಾವೆಲ್ಲ ಚಾವಣಿ ನೋಡಿದೆವು. ಗುಂಯ್ ಅಂತ ಒಂದು ಸಣ್ಣ ಸದ್ದು, ಪಕ್ಕದ ಕೋಣೆಯಲ್ಲಿ ಯಾರೋ ಗುನುಗಿದ ಹಾಗೆ. ಮೇಲೆ ಊರುಗೋಲು ಕದಲಲಿಲ್ಲ. ಸಿಲಿಂಡರಿನ ಮೇಲಿದ್ದ ಒತ್ತಡದ ಮೀಟರಿನ ಮುಳ್ಳು ಏರುತ್ತಾ ಏರುತ್ತಾ ಗೆರೆ ಮುಟ್ಟಿತು. ಅಕ್ಕ ಗನ್ನಿಗೆ ಎರಡು ಹನಿ ಬಣ್ಣ ಹಾಕಿ ಮಣಿಕಟ್ಟಿಗೆ ಹಿಡಿದಳು. ಗುಲಾಬಿ ಮಂಜು ಬಂತು. ಅವಳು ಕಣ್ಣರಳಿಸಿ ನನ್ನನ್ನು ನೋಡಿದಳು, ನಾನು ಭಾವನ ಬೆನ್ನಿಗೆ ಗುದ್ದಿದೆ. ಬಾಗಿಲಲ್ಲಿ ನಿಂತ ಅತ್ತೆ ಮಾತ್ರ ಮೂಗು ಮುರಿದರು. "ಗಾಳಿ ಗುದ್ದಿ ಮೈ ನೋಯಿಸಿಕೊಂಡ್ರಂತೆ."

ಆಮೇಲೆ ಶುರುವಾಯಿತು ನೋಡಿ. ನಾನು ಅಂಗಡಿಯಿಂದ ಬಂದವಳೇ ಮರಳು ಕಾಗದ ಹಿಡಿದು ಬೊಂಬೆಗಳ ಹಳೇ ಬಣ್ಣ ಉಜ್ಜುವುದು, ಭಾವ ಬಿಳಿ ಬಳಿಯುವುದು, ಅಕ್ಕ ಮೈಬಣ್ಣ ಕಲಸುವುದು. ಕೋಣೆ ತುಂಬ ಬಟ್ಟೆ ಇಲ್ಲದ ಹೆಂಗಸರು, ಗಂಡಸರು. ಅತ್ತೆ ಆ ಕಡೆ ಹಾಯುವಾಗಲೆಲ್ಲ ಮುಖ ತಿರುಗಿಸಿಕೊಂಡು ಹೋಗುತ್ತಿದ್ದರು, ಕೊನೆಗೆ ತಾಳಲಾರದೆ ಹಳೆಯ ದುಪ್ಪಟಿಗಳನ್ನು ತಂದು ಎಲ್ಲರಿಗೂ ಹೊದಿಸಿದರು. ಒಂದೊಂದೇ ಮುಖ ಎದ್ದು ಬರುತ್ತಿತ್ತು. ಒಬ್ಬಳಿಗೆ ನಗು ಇನ್ನೇನು ಬರುವುದರಲ್ಲಿದೆ, ಇನ್ನೊಬ್ಬಳು ಯಾರದೋ ಚಾಡಿ ಕೇಳಿಸಿಕೊಳ್ಳುತ್ತಿದ್ದಾಳೆ, ಒಬ್ಬ ಗಂಡಸಂತೂ ಥೇಟ್ ಭಾವನ ಹಾಗೆ, ಏನೂ ಗೊತ್ತಿಲ್ಲದಿದ್ದರೂ ಎಲ್ಲ ಗೊತ್ತಿದೆ ಅನ್ನುವ ಮುಖ. ನಾನಂತೂ ಹಸಿವು ಮರೆತಿದ್ದೆ.

ಆ ವಾರ ಬಿಸಿಲೇ ಇರಲಿಲ್ಲ. ಒಗೆದ ಬಟ್ಟೆ ಒಣಗುತ್ತಿರಲಿಲ್ಲ, ಉಪ್ಪು ಡಬ್ಬಿಯಲ್ಲೇ ನೀರಾಗುತ್ತಿತ್ತು. ಗುರುವಾರ ಸಂಜೆ ಅಕ್ಕ ಎಲ್ಲಕ್ಕಿಂತ ಚೆಂದದ ಬೊಂಬೆಯ ಕೆನ್ನೆಗೆ ಕೊನೆಯ ಕೆಂಪು ಕೊಡುತ್ತಿದ್ದಳು. ಗನ್ ಒಮ್ಮೆ ಕೆಮ್ಮಿತು. ಪಿಚಕ್ ಅಂತ ನೀರು ಸಿಡಿಯಿತು. ಕೆನ್ನೆಯ ಮೇಲೆ ಸಿಡುಬು ಎದ್ದ ಹಾಗೆ ಗುಳಿ ಗುಳಿ. ಅಕ್ಕ ಗನ್ನನ್ನು ಬಿಚ್ಚಿ, ಒರೆಸಿ, ಪಕ್ಕದ ಬೊಂಬೆಯ ಮೇಲೆ ಹಿಡಿದಳು. ಅದರ ಹಣೆಯೂ ಹಾಳಾಯಿತು.

ಅಕ್ಕ ಸ್ಟೂಲಿನ ಮೇಲೆ ಕೂತುಬಿಟ್ಟಳು. "ನೀರು ಬಂದ್ರೆ ಮುಗೀತು ಕಣೆ. ಬಣ್ಣದ ಗಾಳೀಲಿ ಒಂದು ಹನಿ ನೀರಿರಬಾರದು," ಅಂದಳು. ಅಳುತ್ತಿರಲಿಲ್ಲ, ಅದೇ ನನಗೆ ಇನ್ನಷ್ಟು ಸಂಕಟ. ಭಾವ ಸಿಲಿಂಡರ್ ಕೆಳಗೆ ತಿರುಪು ಸಡಿಲಿಸಿದರು, ಕಂದು ನೀರು ಸೋರಿತು. ಮತ್ತೆ ಬಿಗಿದು ಓಡಿಸಿದರು. ಮತ್ತೆ ನೀರು.

"ಭಾವ, ಏನು ಮಾಡಿದ್ರಿ ನೀವು? ಕಾರಿನಲ್ಲಿ ವರ್ಷಾನುಗಟ್ಟಲೆ ಓಡಿದ್ದು, ನಿಮ್ಮ ಕೈಗೆ ಬಂದು ವಾರ ಆಗಲಿಲ್ಲ," ಅಂತ ರೇಗಿದೆ.

"ನಾನು ಏನೂ ಮಾಡಿಲ್ಲ. ಹೇಗಿತ್ತೋ ಹಾಗೇ ಬಿಚ್ಚಿ ತಂದೆ," ಅಂದರು. ಆ ಮಾತು ಅವರ ಬಾಯಿಂದ ಬಂದಾಗ ಅಕ್ಕ ತಲೆಯೆತ್ತಿದಳು.

"ಕಾರಲ್ಲಿ ಇದು ಹೇಗೆ ಕೆಲಸ ಮಾಡುತ್ತೆ ಅಂತ ನೋಡಿದ್ದೀರಾ ನೀವು? ಓಡುವಾಗ?"

ಭಾವ ತಲೆ ಕೆರೆದುಕೊಂಡರು. ಇಷ್ಟು ವರ್ಷದಲ್ಲಿ ಅವರ ಹತ್ತಿರ ಬಂದ ಕಾರುಗಳೆಲ್ಲ ಸತ್ತವೇ. ಬೋಲ್ಟು ಎಲ್ಲಿ ಮುಗಿಯುತ್ತದೋ ಅಲ್ಲಿಗೆ ಆ ಭಾಗ ಮುಗಿಯಿತು ಅಂದುಕೊಂಡೇ ಬದುಕಿದವರು.

ಶುಕ್ರವಾರ ಬೆಳಿಗ್ಗೆ ನಾನು ಅಂಗಡಿಗೆ ರಜೆ ಹಾಕಿದೆ. ಮೂವರೂ ಗುಜರಿ ಅಂಗಳಕ್ಕೆ ಓಡಿದೆವು. ಅಲ್ಲಿ ಅದೇ ಜಾತಿಯ ಇನ್ನೊಂದು ಕಾರಿತ್ತು, ಇಡಿಯಾಗಿ ಯಾರಿಗೋ ಹೋಗಬೇಕಾದದ್ದು, ಒಂದು ಬೋಲ್ಟೂ ಮುಟ್ಟುವಂತಿಲ್ಲ. ಆದರೆ ಬ್ಯಾಟರಿಯಲ್ಲಿ ಇನ್ನೂ ಜೀವ ಇತ್ತು. ಭಾವ ಒಳಗೆ ಕೂತು ಒಂದು ಗುಂಡಿ ಒತ್ತಿದರು. ಅಕ್ಕ ಎಣ್ಣೆ ಮಣ್ಣು ಏನನ್ನೂ ನೋಡದೆ ನೆಲದ ಮೇಲೆ ಮಲಗಿ ಹಿಂದಿನ ಚಕ್ರದ ಬಳಿ ತಲೆ ಇಟ್ಟಳು. ಕಾರು ಸೊಂಟ ಎತ್ತಿಕೊಂಡು ಮೆಲ್ಲಗೆ ಮೇಲೆದ್ದಿತು. ನಾನು ಬಾಯಿ ಬಿಟ್ಟುಕೊಂಡು ನೋಡಿದೆ, ಸತ್ತವರು ಎದ್ದು ಕೂತ ಹಾಗೆ.

"ಈಗ ಇಳಿಸಿ ನೋಡೋಣ," ಅಂದಳು ಅಕ್ಕ ಕೆಳಗಿನಿಂದ.

ಕಾರು ಉಸ್ಸ್ ಅಂತ ಮಂಡಿಯೂರಿತು. ಅಕ್ಕ ತಟಕ್ಕನೆ ಕೈ ಚಾಚಿದಳು. "ಇನ್ನೊಂದ್ಸಲ. ಇನ್ನೊಂದ್ಸಲ ಮಾಡ್ರೀ." ಮುಖ ಬರೆಯುವಾಗ ಎಡಬಲ ಸರಿನೋಡಲು ಅವಳ ಚೀಲದಲ್ಲಿ ಒಂದು ಸಣ್ಣ ಕನ್ನಡಿ ಇರುತ್ತದೆ. ಅದನ್ನು ಕಂಪ್ರೆಸರಿನ ಪಕ್ಕದ ಬಾಯಿಗೆ ಹಿಡಿದಳು. ಕಾರು ಎದ್ದಿತು, ಕೂತಿತು, ಕನ್ನಡಿ ಮಬ್ಬಾಯಿತು. ನಾವು ಉಸಿರು ಬಿಟ್ಟರೆ ಆಗುತ್ತದಲ್ಲ, ಹಾಗೇ.

ಅವಳು ಎದ್ದು ನಿಂತಾಗ ಕೆನ್ನೆಯ ಮೇಲೆಲ್ಲ ಗ್ರೀಸು, ಕಣ್ಣಲ್ಲಿ ಮಿಂಚು. "ಗಾಳಿ ಹೋದ ದಾರೀಲೇ ವಾಪಸ್ ಬರುತ್ತೆ ರೀ. ಬರ್ತಾ ಒಳಗಿನ ನೀರನ್ನೂ ಹೊತ್ಕೊಂಡು ಹೊರಗೆ ಹೋಗುತ್ತೆ. ಆ ಬಾಯಿಗೇ ನೀವು ಬಿರಡೆ ಹೊಡೆದಿರೋದು."

ಭಾವನ ಮುಖ ನೋಡಬೇಕಿತ್ತು. ಅವರಿಗೆ ಈಗ ಎಲ್ಲ ಒಟ್ಟಿಗೆ ಹೊಳೆಯಿತು. ಕಂಪ್ರೆಸರಿಗೆ ಅಂಟಿಕೊಂಡ ಒಂದು ಡಬ್ಬಿ ಇದೆ, ಅದರೊಳಗೆ ಸಾಬೂದಾನಿಯಂಥ ಬಿಳಿ ಮಣಿಗಳು. ಗಾಳಿಯನ್ನು ಹಿಂಡಿದಾಗ ಬರುವ ನೀರನ್ನು ಆ ಮಣಿಗಳು ಕುಡಿಯುತ್ತವೆ. ಕಾರು ಇಳಿದಾಗಲೆಲ್ಲ ಒಣಗಾಳಿ ಅವುಗಳ ಮೂಲಕ ಹಿಂದಕ್ಕೆ ಹರಿದು ಅವನ್ನು ಒಣಗಿಸುತ್ತದೆ. ನಾವು ಕುಡಿಸುತ್ತಲೇ ಇದ್ದೆವು, ಒಣಗಲು ಬಿಟ್ಟಿರಲಿಲ್ಲ. ಹೊಟ್ಟೆ ತುಂಬಿ ಕಕ್ಕಿಬಿಟ್ಟವು.

ದಾರಿಯುದ್ದಕ್ಕೂ ಭಾವ ಓಡುತ್ತಲೇ ಬಂದರು. ಮನೆಗೆ ಬಂದವರೇ ಗಾಳಿ ಹಿಂದಕ್ಕೆ ಬಾರದಂತೆ ತಡೆದಿದ್ದ ವಾಲ್ವ್ ಕಿತ್ತರು, ಬಿರಡೆ ಕಿತ್ತರು, ಡಬ್ಬಿ ಬಿಚ್ಚಿ ಮಣಿಗಳನ್ನು ಸುರಿದರು. ಮಣಿಗಳು ಒದ್ದೆ ಒದ್ದೆ. ಬಿಸಿಲಿಗೆ ಹಾಕೋಣವೆಂದರೆ ಬಿಸಿಲಿಲ್ಲ. ನಾನು ಒಂದು ಹಳೇ ಬಾಣಲೆ ತಂದು ಒಲೆಯ ಮೇಲಿಟ್ಟು ಉರಿ ಜೋರು ಮಾಡಿದೆ. ಮಣಿಗಳು ಪಟಪಟ ಸಿಡಿಯತೊಡಗಿದವು.

"ಸರ್ಕೊಳ್ಳೇ ಅಲ್ಲಿಂದ," ಅಂದಿತು ಹಿಂದಿನಿಂದ ಒಂದು ದನಿ. ಅತ್ತೆ. "ಹುರಿಯೋದಕ್ಕೂ ಬರಲ್ಲ ಈ ಹುಡುಗಿಗೆ. ಯಾವ ಕಾಳಾದ್ರೂ ಒಳಗಿನ ನೀರು ಆರಬೇಕಂದ್ರೆ ಸಣ್ಣ ಉರಿ, ಬಿಡದ ಕೈ." ಉರಿ ಇಳಿಸಿ, ಸೌಟು ಹಿಡಿದು, ಸ್ಟೂಲೆಳೆದು ಕೂತರು. "ಈ ಜನ್ಮದಲ್ಲಿ ಏನೇನೋ ಹುರಿದಿದ್ದೀನಿ. ಕಾರಿನ ಕರುಳು ಹುರಿದಿರಲಿಲ್ಲ."

ಮಧ್ಯಾಹ್ನವೆಲ್ಲ ಹುರಿದರು. ನಡುನಡುವೆ ನಾಲ್ಕು ಮಣಿ ತೆಗೆದು ಲೋಟಕ್ಕೆ ಹಾಕಿ ಅಲ್ಲಾಡಿಸಿ ಸದ್ದು ಕೇಳುತ್ತಿದ್ದರು. ಮೊದಲು ಮಂದವಾಗಿದ್ದ ಸದ್ದು ಆಮೇಲೆ ಗಲಗಲ ಆಯಿತು. ಆಗಲೇ ಒಲೆ ಆರಿಸಿದ್ದು. ಅಷ್ಟರಲ್ಲಿ ಅಕ್ಕ ಹಾಳಾದ ಕೆನ್ನೆಯನ್ನೂ ಹಣೆಯನ್ನೂ ಉಜ್ಜಿ ಬಿಳಿ ಮಾಡಿದ್ದಳು. ಭಾವ ಡಬ್ಬಿ ಮುಚ್ಚಿ, ಬಿರಡೆಯ ಜಾಗದಲ್ಲಿ ಮೊದಲಿದ್ದ ಕಾರಿನ ವಾಲ್ವನ್ನೇ ಹಾಕಿ, ಅದಕ್ಕೊಂದು ಸ್ವಿಚ್ ಕೊಟ್ಟರು. ಭಾವ ಕೂಡಿಸಿದ ವಸ್ತುವೊಂದು ಪೂರ್ತಿಯಾದದ್ದನ್ನು ನಾನು ಕಂಡದ್ದು ಅದೇ ಮೊದಲು. ಒಂದು ಬಟ್ಟಲು ಬಣ್ಣ ಮುಗಿದಾಗಲೆಲ್ಲ ಸ್ವಿಚ್ ಒತ್ತಬೇಕು, ಸಿಲಿಂಡರಿನ ಗಾಳಿ ಹಿಂದಕ್ಕೆ ಹರಿದು ಉಸ್ಸೆಂದು ಹೊರಬೀಳಬೇಕು. ಮೊದಲ ಸಲ ಉಸ್ಸೆಂದಾಗ ಅತ್ತೆ ಸೌಟು ಸಮೇತ ಬಾಗಿಲಾಚೆ ಇದ್ದರು.

ಅಕ್ಕ ಗನ್ ಎತ್ತಿಕೊಂಡಳು. ಮಣಿಕಟ್ಟಿನ ಮೇಲೆ ಒಂದು ಸಲ. ಇನ್ನೊಂದು ಸಲ. ಒಣಗಿದ, ನುಣುಪಾದ, ಗುಲಾಬಿ ಮಂಜು. ಆಮೇಲೆ ಅವಳು ಬೊಂಬೆಯ ಕಡೆ ತಿರುಗಿದಳು.

ಶನಿವಾರ ಮ್ಯಾನೇಜರು ಗಾಡಿ ಸಮೇತ ಬಂದರು. ಕೋಣೆಯೊಳಗೆ ಕಾಲಿಟ್ಟು ನಿಂತರು. ಕನ್ನಡಕ ತೆಗೆದು ಒಂದೊಂದು ಮುಖದ ಹತ್ತಿರ ಹೋದರು. ಸಿಡುಬು ಎದ್ದಿದ್ದ ಆ ಕೆನ್ನೆಯ ಮುಂದೆ ಎಲ್ಲಕ್ಕಿಂತ ಹೆಚ್ಚು ಹೊತ್ತು ನಿಂತರು. ಅವರು ಉಗುರಿನಿಂದ ಮೆಲ್ಲಗೆ ಕೆನ್ನೆ ಸವರಿದರು, ಉಗುರು ನೋಡಿಕೊಂಡರು.

"ಬೆರಳು ಮುರಿದಿರೋವು ಇದ್ರೆ ಅದನ್ನೂ ಮಾಡ್ತೀರಾ?" ಅಂದರು.

"ಮಾಡ್ತೀನಿ ಸಾರ್," ಅಂದಳು ಅಕ್ಕ.

ಅವರು ಫೋನ್ ತೆಗೆದು ಯಾರಿಗೋ ಹೇಳಿದರು: "ಯಾವ ಅಂಗಡೀಲೂ ಹಳೇ ಬೊಂಬೆ ಎಸೀಬೇಡಿ ಅಂತ ಹೇಳಿ. ಎಲ್ಲಾ ಇಲ್ಲಿಗೆ ಕಳಿಸಿ." ನಾನು ಅವರ ಎದುರಿಗೇ ಅತ್ತುಬಿಟ್ಟೆ. ನಾಚಿಕೆಯೇನಿಲ್ಲ, ಖುಷಿಗೆ ಅತ್ತದ್ದು. ಭಾನುವಾರವೇ ಎರಡು ಗಾಡಿ ಬಂದವು, ಮನೆ ಯಜಮಾನರು ಮಹಡಿಯಿಂದ ಬಗ್ಗಿ ನೋಡಿದರೇ ಹೊರತು ಇಳಿದು ಬರಲಿಲ್ಲ.

ಸೋಮವಾರ ಕೆಲಸಕ್ಕೆ ಹೋಗುವ ದಾರಿಯಲ್ಲಿ ಮರಳು ಕಾಗದ ಕೊಡಲು ಅಕ್ಕನ ಮನೆಗೆ ಹೋದೆ. ಒಳಕೋಣೆಯಲ್ಲಿ ಕಂಪ್ರೆಸರ್ ಗುಂಯ್ಗುಡುತ್ತಿತ್ತು. ಅಕ್ಕ ಒಂದು ಮುಖದ ಮೇಲೆ ಬಾಗಿದ್ದಳು. ಪಡಸಾಲೆಯಲ್ಲಿ ಅತ್ತೆಯ ಫೋನ್ ರಿಂಗಾಯಿತು. ಅವರ ಅಣ್ಣನ ಮಗನ ದನಿ ಬಾಗಿಲ ತನಕ ಕೇಳುತ್ತಿತ್ತು.

"ಅತ್ತೆ, ಎಲ್ಲಿ ನಿಮ್ಮ ಸೊಸೆ? ಎಲ್ಲರೂ ಬಂದು ಕೂತಾಯ್ತು. ಮೇಲಿನೋರಿಗೆ ಏನು ಹೇಳಲಿ ನಾನು? ನಿಮ್ಮ ಸೊಸೆಗೇ ಕೊಡಿ ಫೋನು."

ಆ ಕೆಲಸಕ್ಕಾಗಿ ಅತ್ತೆ ಅವನ ಮನೆ ಬಾಗಿಲಿಗೆ ಎಷ್ಟು ಸಲ ಹೋಗಿದ್ದರೋ. ಫೋನ್ ಹಿಡಿದುಕೊಂಡೇ ಒಳಕೋಣೆಯ ಬಾಗಿಲಿಗೆ ಬಂದು ಇಣುಕಿದರು. ಅಕ್ಕ ಉಸಿರು ಬಿಗಿಹಿಡಿದು ರೆಪ್ಪೆಯ ಗೆರೆ ಎಳೆಯುತ್ತಿದ್ದಳು. ಅತ್ತೆ ನನ್ನ ಕಡೆ ನೋಡಿ ತುಟಿಯ ಮೇಲೆ ಬೆರಳಿಟ್ಟರು, ಸದ್ದಾಗದಂತೆ ಬಾಗಿಲು ಮುಂದೆ ಮಾಡಿದರು.

"ಕೊಡೋಕಾಗಲ್ಲ ಕಣೋ," ಅಂದರು ಪಿಸುದನಿಯಲ್ಲಿ. "ಅವಳು ಕೆಲಸದಲ್ಲಿದ್ದಾಳೆ."